ಡೌಲಿನ ಕೆಲಸ

ಜನವರಿ 9

ಗುಬ್ಬಿಗೆ,

ಅಜ್ಜಿ ಬರೆಯುತ್ತಿದ್ದೇನೆ. ಇಲ್ಲಿ ನಾನೂ ನಿನ್ನಮ್ಮನೂ ಚೆನ್ನಾಗಿದ್ದೇವೆ, ಅಂದರೆ ಇವತ್ತಿನವರೆಗೆ ಯಾರೂ ಜಾರಿ ಬಿದ್ದಿಲ್ಲ. ನಿನ್ನಮ್ಮ ಬೆಳಗ್ಗೆ ಎಂಟಕ್ಕೆ ಅಂಚೆ ಕಚೇರಿಗೆ ಹೋದರೆ ಸಂಜೆ ಆರಕ್ಕೇ ಬರುವುದು. ದಿನವಿಡೀ ಊರವರ ಕಾಗದಕ್ಕೆಲ್ಲ ಮುದ್ರೆ ಒತ್ತುವವಳು, ಹೆತ್ತ ಮಗಳಿಗೆ ಒಂದು ಸಾಲು ಬರೆಯುವುದಿಲ್ಲ. ಕೇಳಿದರೆ ‘ಫೋನ್ ಇದೆಯಲ್ಲಮ್ಮ’ ಅನ್ನುತ್ತಾಳೆ. ಫೋನಿನಲ್ಲಿ ನನಗೆ ಗುಂಯ್ ಅನ್ನುವುದು ಬಿಟ್ಟು ಬೇರೇನೂ ಬರುವುದಿಲ್ಲ. ತಂತಿ ಸರಿಯಿಲ್ಲ ಅಂದರೆ, ಅದಕ್ಕೆ ತಂತಿಯೇ ಇಲ್ಲ ಅಂತ ನಗುತ್ತಾಳೆ. ತಂತಿಯೇ ಇಲ್ಲದ ಮೇಲೆ ಸರಿಯಾಗಿ ಹೇಗಿರುತ್ತದೆ?

ಇರಲಿ, ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದ ಎರಡು ಸಲ ಓದಿದೆ. ನಾಲ್ಕನೇ ಕ್ಲಾಸಿನ ಓದು, ಒಂದೇ ಸಲಕ್ಕೆ ಒಳಗೆ ಇಳಿಯುವುದಿಲ್ಲ. ಎರಡನೇ ಸಲವೂ ಅದೇ ಬರೆದಿತ್ತು: ‘ಡುಮ್ಮನಿಗೆ ಐದು ತಿಂಗಳಾಯಿತು. ನಾನೀಗ ಡೌಲಾ ಆಗಿದ್ದೇನೆ. ಫೋನ್ ಬಂದಾಗಲೆಲ್ಲ ಆಸ್ಪತ್ರೆಗೆ ಡೌಲಾ ಆಗಿ ಹೋಗುತ್ತೇನೆ.’

ಡೌಲಾಗಿದ್ದಾಳಂತೆ! ಆಸ್ಪತ್ರೆಗೆ ಯಾರಾದರೂ ಡೌಲಾಗಿ ಹೋಗುತ್ತಾರೇನೇ? ಹೋದರೂ ಅದನ್ನು ಕಾಗದ ಬರೆದು ತಿಳಿಸುತ್ತಾರಾ? ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಇರಬೇಕಾದ ಕಾಲ ಇದು. ನೀನು ಯಾರಿಗೆ ತೋರಿಸಿಕೊಳ್ಳುವುದಕ್ಕೆ ಸಿಂಗಾರ ಮಾಡಿಕೊಂಡು ಹೋಗುತ್ತೀ, ಜ್ವರ ಬಂದವರಿಗಾ? ನಿನ್ನ ಗಂಡ ಬೆಟ್ಟದೊಳಗೆ ಸುರಂಗ ಕೊರೆಯುತ್ತ ಇಪ್ಪತ್ತು ದಿನ ಮಣ್ಣು ತಿಂದು, ಐದು ದಿನ ಮನೆ ಕಾಣುವವನು. ಅವನಿಗೆ ಈ ಡೌಲು ಗೊತ್ತಾ?

ಮಗುವನ್ನು ಯಾರ ಹತ್ತಿರ ಬಿಟ್ಟು ಹೋಗುತ್ತೀ ಅನ್ನುವುದನ್ನೂ ಬರೆದಿಲ್ಲ. ಬೇಗ ಬರಿ. ಕಾಗುಣಿತ ತಪ್ಪಿದ್ದರೆ ನೀನೇ ತಿದ್ದಿಕೊ.

ಅಜ್ಜಿ


ಜನವರಿ 20

ಅಜ್ಜಿ,

ನಿನ್ನ ಕಾಗದ ಓದಿ ಎಷ್ಟು ನಕ್ಕೆನೆಂದರೆ ತೊಡೆಯ ಮೇಲೆ ಮಲಗಿದ್ದ ಡುಮ್ಮ ಎದ್ದುಬಿಟ್ಟ. ಮತ್ತೆ ಮಲಗಿಸಲು ಒಂದೂವರೆ ಗಂಟೆ ಹಿಡಿಯಿತು. ಹಾಗಾಗಿ ಇನ್ನು ಮುಂದೆ ನಗುವಂಥದ್ದನ್ನು ಬರೆಯಬೇಡ.

ತಪ್ಪು ನನ್ನದೇ. ಅದು ಡೌಲಾ ಅಲ್ಲ, ಡೂಲಾ. ಹೆರಿಗೆ ನೋವು ಶುರುವಾದವಳ ಪಕ್ಕದಲ್ಲಿ ಮೊದಲಿನಿಂದ ಕೊನೆಯವರೆಗೆ ಇರುವವಳು. ಸೂಲಗಿತ್ತಿ ಅಲ್ಲ, ನರ್ಸೂ ಅಲ್ಲ. ಔಷಧಿ ಮುಟ್ಟುವ ಹಾಗಿಲ್ಲ, ಬುದ್ಧಿ ಹೇಳುವ ಹಾಗಿಲ್ಲ. ಬೆನ್ನು ಒತ್ತುವುದು, ನೀರು ಕುಡಿಸುವುದು, ಕೈ ಹಿಡಿದು ನಿಲ್ಲುವುದು, ಅಷ್ಟೇ. ಸಂಬಳವಿಲ್ಲ. ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ತರಬೇತಿ ಪಡೆದು ಹಾಗೆ ನಿಲ್ಲುವ ಹೆಂಗಸರ ಒಂದು ಪಟ್ಟಿಯಿದೆ. ನಾನು ಹಗಲಿನ ಪಟ್ಟಿಯಲ್ಲಿದ್ದೇನೆ. ಎಂಟನೇ ತಿಂಗಳಲ್ಲೇ ನಮ್ಮ ಪಾಲಿನ ಗರ್ಭಿಣಿಯನ್ನು ಪರಿಚಯ ಮಾಡಿಸುತ್ತಾರೆ. ‘ಆ ದಿನ ನಾನು ಬರ್ತೀನಿ’ ಎಂದು ಅವಳಿಗೆ ಮಾತು ಕೊಡುತ್ತೇವೆ. ಫೋನ್ ಬಂದ ನಲವತ್ತು ನಿಮಿಷದೊಳಗೆ ಅಲ್ಲಿರಬೇಕು.

ಡುಮ್ಮ ಹುಟ್ಟಿದ ದಿನ ಅವರಪ್ಪ ಸುರಂಗದಲ್ಲಿದ್ದರು, ಅಮ್ಮನಿಗೆ ರಜೆ ಸಿಗಲಿಲ್ಲ. ಹದಿನೇಳು ಗಂಟೆ ನೋವು ತಿಂದೆ. ನಡುವೆ ಯಾರೋ ಒಬ್ಬ ಹೆಂಗಸು ಬಂದು ಏನೂ ಮಾತಾಡದೆ ನನ್ನ ಸೊಂಟ ಒತ್ತುತ್ತ ನಿಂತರು. ಅವರ ಮುಖ ನೆನಪಿಲ್ಲ. ಅವರ ಕೈ ಇಲ್ಲದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ ಎಂಬುದು ಮಾತ್ರ ನೆನಪಿದೆ. ಅವರು ಆ ಪಟ್ಟಿಯವರು.

ಈವರೆಗೆ ಮೂರು ಹೆರಿಗೆಗೆ ಹೋಗಿದ್ದೇನೆ. ಮೂರೂ ಸಲ ಡುಮ್ಮನನ್ನು ಕೆಳಗಿನ ಮನೆಯ ಟೈಲರಮ್ಮ ನೋಡಿಕೊಂಡರು. ಈಗ ಅವರಿಗೆ ಶಾಲೆಯ ಮಕ್ಕಳ ಬಟ್ಟೆ ಹೊಲಿಯುವ ಕೆಲಸ ಬಂದಿದೆ. ಮನೆ ತುಂಬ ಕತ್ತರಿ, ಸೂಜಿ. ‘ಇನ್ನಾಗಲ್ಲ ಕಣಮ್ಮಾ, ತಪ್ಪು ತಿಳ್ಕೋಬೇಡ’ ಎಂದರು.

ಅಜ್ಜಿ, ನೀನು ಬಾ. ಒಂದು ಮೂರು ತಿಂಗಳು ಇದ್ದು ಹೋಗು. ಡುಮ್ಮ ನಿನ್ನ ಮರಿಮಗ, ನೀನಿನ್ನೂ ಅವನನ್ನು ಎತ್ತಿಕೊಂಡಿಲ್ಲ. ಬರ್ತೀಯಲ್ಲ?

ನಿನ್ನ ಗುಬ್ಬಿ


ಫೆಬ್ರವರಿ 1

ಗುಬ್ಬಿಗೆ,

ಡೂಲಾ ಆಗಲಿ ಡೌಲಾ ಆಗಲಿ, ಪಕ್ಕದಲ್ಲಿ ಸುಮ್ಮನೆ ನಿಲ್ಲುವುದಕ್ಕೂ ತರಬೇತಿ ಬೇಕಾಯಿತು ಅಂದರೆ ಕಾಲ ಕೆಟ್ಟಿದೆ. ನಾನು ನಾಲ್ಕು ಹೆತ್ತೆ. ನಾಲ್ಕು ಸಲವೂ ನನ್ನ ಕೈ ಹಿಡಿದದ್ದು ಮಂಚದ ಕಾಲು. ಅದು ತರಬೇತಿ ಆದದ್ದಲ್ಲ.

ಬಾ ಅಂತ ಕರೆದಿದ್ದೀ. ಸಂತೋಷ. ಆದರೆ ನಿನ್ನ ಮನೆ ಮೂರನೇ ಮಹಡಿ, ನನ್ನ ಮೊಣಕಾಲು ಒಂದನೇ ಮಹಡಿಯದು. ಬಸ್ಸಿನಲ್ಲಿ ಏಳು ಗಂಟೆ ಕೂತರೆ ಇಳಿಯುವಾಗ ನನ್ನನ್ನು ಮಡಚಿಕೊಂಡೇ ಇಳಿಸಬೇಕು. ಅಲ್ಲದೆ ಇಲ್ಲಿ ನಿನ್ನಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ? ಮೊನ್ನೆ ಕುಕ್ಕರ್ ಇಟ್ಟು ಸ್ನಾನಕ್ಕೆ ಹೋದಳು. ತಳ ಹಿಡಿದು ಹೊಗೆ ಎದ್ದಿತು. ‘ಅಷ್ಟೊಂದು ಸಲ ಕೂಗಿತಲ್ಲಮ್ಮ, ಪಕ್ಕದಲ್ಲೇ ಕೂತು ಆರಿಸೋದಲ್ವಾ’ ಅಂತ ನನ್ನ ಮೇಲೆ ಹರಿಹಾಯ್ದಳು. ಕೂಗಲೇ ಇಲ್ಲ. ಕೂಗದ ಕುಕ್ಕರನ್ನು ಕೂಗಿತು ಅನ್ನುವವಳ ತಲೆ ಎಲ್ಲಿದೆಯೋ.

ಈಗಿನ ಜನಕ್ಕೆಲ್ಲ ಬಾಯಿ ಬಿಟ್ಟು ಮಾತಾಡುವ ಅಭ್ಯಾಸವೇ ಹೋಗಿದೆ. ಹಾಲಿನವನು, ಪಕ್ಕದ ಮನೆಯವಳು, ಎಲ್ಲರೂ ಬಾಯೊಳಗೇ ಗೊಣಗುತ್ತಾರೆ. ಅದಕ್ಕೆ ನಾನೇ ಮಾತಾಡುತ್ತೇನೆ, ಅವರು ಕೇಳಲಿ.

ನೀನು ಮನೆಯಲ್ಲಿರು. ಮಗು ದೊಡ್ಡದಾಗಲಿ. ಹೆರುವವರು ಎಲ್ಲಿಗೂ ಓಡಿ ಹೋಗುವುದಿಲ್ಲ, ಮುಂದಿನ ವರ್ಷವೂ ಹೆರುತ್ತಾರೆ.

ಅಜ್ಜಿ


ಫೆಬ್ರವರಿ 14

ಅಜ್ಜಿ,

ನಿನ್ನ ತಮಾಷೆಗೆ ಈ ಸಲ ನಗು ಬರಲಿಲ್ಲ.

ಆರನೇ ತಾರೀಕು ಬೆಳಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ, ಮೊದಲ ಹೆರಿಗೆ. ಮೂರು ಸಲ ಭೇಟಿಯಾಗಿ ಅವಳಿಗೆ ಮಾತು ಕೊಟ್ಟಿದ್ದೆ. ಟೈಲರಮ್ಮನನ್ನು ಕೇಳಿದೆ, ಎದುರು ಮನೆಯವರನ್ನು ಕೇಳಿದೆ. ಯಾರಿಗೂ ಬಿಡುವಿಲ್ಲ. ಕೊನೆಗೆ ಡುಮ್ಮನನ್ನೇ ಎತ್ತಿಕೊಂಡು ಓಡಿದೆ. ಹೆರಿಗೆ ವಿಭಾಗದ ಬಾಗಿಲಲ್ಲಿ ಕಾವಲುಗಾರ ತಡೆದ. ‘ಮಗು ಒಳಗೆ ಬಿಡಲ್ಲಮ್ಮ, ಈ ಬಾಗಿಲಿಂದ ಮಕ್ಕಳು ಹೊರಗೆ ಬರೋದಷ್ಟೇ, ಒಳಗೆ ಹೋಗೋ ಹಾಗಿಲ್ಲ’ ಎಂದ. ಆ ಬಾಗಿಲಿಗೆ ಒರಗಿಕೊಂಡು ಮೂರು ಗಂಟೆ ನಿಂತಿದ್ದೆ. ಅವಳು ಒಳಗೆ ಒಬ್ಬಳೇ ಹೆತ್ತಳು.

ನಮ್ಮ ಪಟ್ಟಿಯ ಉಸ್ತುವಾರಿ ನೋಡುವ ಅಮ್ಮ ನನ್ನ ಹೆಸರಿನ ಮುಂದೆ ಒಂದು ಕೆಂಪು ಗೆರೆ ಎಳೆದಿದ್ದಾರೆ. ‘ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಆ ಹುಡುಗಿ ಬಾಗಿಲು ನೋಡ್ತಾ ಮಲಗಿದ್ಲು’ ಎಂದರು. ಎರಡನೇ ಗೆರೆ ಬಿದ್ದರೆ ಹೆಸರು ಹೋಗುತ್ತದೆ.

ನಿಜ ಹೇಳಲಾ? ನಾನು ಹೋಗುವುದು ಸೇವೆಗೆಂದಲ್ಲ. ಈ ಮನೆಗೆ ಒಂದೇ ಕಿಟಕಿ. ಅದರಿಂದ ಕಾಣುವುದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಡುಮ್ಮ ಕೆಳಗೆ ಬಿಟ್ಟರೆ ಅಳುತ್ತಾನೆ. ಅಡುಗೆ ಒಂದು ಕೈಯಲ್ಲಿ, ಸ್ನಾನ ಬಾಗಿಲು ತೆರೆದಿಟ್ಟು, ಊಟ ನಿಂತುಕೊಂಡು. ಬಾಗಿಲಿಂದ ಕಿಟಕಿಗೆ ಹನ್ನೊಂದು ಹೆಜ್ಜೆ, ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಅವನನ್ನು ಪ್ರೀತಿಸುತ್ತೇನೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆಸ್ಪತ್ರೆಯ ಆ ಕೋಣೆಯಲ್ಲಿ ಮಾತ್ರ ನನಗೆ ಎರಡು ಕೈಗಳಿರುತ್ತವೆ. ಈ ಮನೆಯಿಂದ ಹೊರಗೆ ಹೋಗಲು ನನಗಿರುವ ಬಾಗಿಲು ಅದೊಂದೇ.

ನಿನಗೆ ನನ್ನ ಕೆಲಸ ಹಗುರವಾಗಿ ಕಂಡಿದೆ. ಅದಕ್ಕೇ ಬರುತ್ತಿಲ್ಲ, ಮೊಣಕಾಲಿಗಲ್ಲ. ಹಾಗೆಂದು ನೇರವಾಗಿ ಬರೆದುಬಿಡು, ಕಾಯುವುದಾದರೂ ತಪ್ಪುತ್ತದೆ.

ಗುಬ್ಬಿ


ಫೆಬ್ರವರಿ 21

ಗುಬ್ಬಿಗೆ,

ಮಾರ್ಚ್ ಹದಿಮೂರರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬಂದು, ಹಿಂದಿನಿಂದ ಕೂಗದೆ ಎದುರಿಗೆ ನಿಂತುಕೊ. ಜನಜಂಗುಳಿಯಲ್ಲಿ ನಾನು ತಿರುಗಿ ನೋಡುವುದಿಲ್ಲ. ಎಷ್ಟು ದಿನ ಇರುತ್ತೇನೆ ಅಂತ ಈಗಲೇ ಕೇಳಬೇಡ.

ನಿನ್ನ ಕೆಲಸವನ್ನು ನಾನು ಹಗುರ ಅಂದುಕೊಂಡಿಲ್ಲ. ಅಂದೆ, ಅಷ್ಟೇ.

ಅಜ್ಜಿ


ಮಾರ್ಚ್ 21

ಅಜ್ಜಿ,

ನಿನ್ನನ್ನು ಬಸ್ಸು ಹತ್ತಿಸಿ ಬಂದಾಗಿನಿಂದ ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಆ ದಿನ ನಾನು ನಿನಗೆ ಏನೂ ಹೇಳಲಿಲ್ಲ. ಬಾಯಿ ತೆರೆದರೆ ಏನು ಬರುತ್ತಿತ್ತೋ ಎಂಬ ಭಯ. ಈಗ ಬರೆಯುತ್ತೇನೆ, ನೀನು ನಡುವೆ ಬಾಯಿ ಹಾಕಲಾರೆ.

ಹದಿನೆಂಟನೇ ತಾರೀಕು ಹತ್ತೂವರೆಗೆ ಫೋನ್ ಬಂತು. ಡುಮ್ಮ ಒಳಕೋಣೆಯ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ. ನಿನ್ನ ಎದುರಿಗೇ ನಿಂತು ಹೇಳಿದೆ, ನೀನು ತಲೆಯಾಡಿಸಿದೆ. ‘ಹೋಗು ಹೋಗು, ನಾನು ನಾಲ್ಕು ಸಾಕಿದವಳು’ ಎಂದೆ. ನಾನು ಮೆಟ್ಟಿಲನ್ನು ಕುಣಿಯುತ್ತ ಇಳಿದೆ, ಅಜ್ಜಿ. ಹಾಗೆ ಇಳಿದು ಎಷ್ಟು ದಿನವಾಗಿತ್ತೋ.

ಕನ್ನಡಿ ಅಂಗಡಿಯಲ್ಲಿ ಕೆಲಸ ಮಾಡುವವಳು ಆ ದಿನ ನನ್ನ ಪಾಲಿನ ಗರ್ಭಿಣಿ. ನನ್ನ ಮಣಿಕಟ್ಟು ಹಿಡಿದಿದ್ದಳು. ಇನ್ನೇನು ಮಗುವಿನ ತಲೆ ಕಾಣಿಸಬೇಕು, ನನ್ನ ಜೇಬಿನಲ್ಲಿ ಫೋನ್ ನಡುಗಲು ಶುರುವಾಯಿತು. ಒಂಬತ್ತು ಸಲ. ಹತ್ತನೆಯದಕ್ಕೆ ತೆಗೆದೆ. ಟೈಲರಮ್ಮ. ‘ನಿಮ್ಮ ಮಗು ಒಂದು ಗಂಟೆಯಿಂದ ಕಿರುಚ್ತಾ ಇದೆ. ಬೆಲ್ ಮಾಡಿದ್ವಿ, ಬಾಗಿಲು ಬಡಿದ್ವಿ, ಯಾರೂ ತೆಗೀತಿಲ್ಲ. ನಿಮ್ಮಜ್ಜಿಗೆ ಏನಾದ್ರೂ ಆಗಿದೆಯೇನೋ, ಬೇಗ ಬನ್ನಿ.’

ಆ ಹೆಂಗಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಂದೆ. ಅವಳು ‘ಅಕ್ಕಾ, ಎಲ್ಲಿಗೆ’ ಎಂದಳು.

ದಾರಿಯುದ್ದಕ್ಕೂ ನೀನು ಸತ್ತುಬಿದ್ದಿದ್ದೀ ಎಂದೇ ಅಂದುಕೊಂಡಿದ್ದೆ. ಬಾಗಿಲ ಮುಂದೆ ಆರು ಜನ ನಿಂತಿದ್ದರು. ಬೀಗದ ಕೈ ತಿರುಗಿಸಿ ಒಳಗೆ ಹೋದರೆ ನೀನು ಅಡುಗೆಮನೆಯ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ಕೂತು, ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಆರಾಮವಾಗಿ. ಒಳಗೆ ಡುಮ್ಮನ ತೋಳು ತೊಟ್ಟಿಲಿನ ಸರಳುಗಳ ನಡುವೆ ಸಿಕ್ಕಿಕೊಂಡಿತ್ತು. ಅಳುವುದಕ್ಕೆ ಅವನಿಗೆ ದನಿಯೇ ಉಳಿದಿರಲಿಲ್ಲ.

ನೀನು ಎದ್ದು ಬಂದು ನನ್ನ ಮುಖ ನೋಡಿದೆ, ಬಾಗಿಲಲ್ಲಿದ್ದವರನ್ನು ನೋಡಿದೆ. ಆಮೇಲೆ ಎಲ್ಲರ ಮುಂದೆ ಹೇಳಿದೆ: ‘ಅಳಲಿ ಅಂತ ನಾನೇ ಬಿಟ್ಟೆ. ಅತ್ತರೆ ಯಾರೂ ಸಾಯಲ್ಲ. ಎತ್ತಿ ಎತ್ತಿ ನೀನೇ ಅವನನ್ನ ಕೆಡಿಸಿದ್ದೀ.’

ಅವನ ತೋಳಿನ ಬಾವು ಇಳಿದಿದೆ. ನನ್ನ ಹೆಸರಿನ ಮುಂದೆ ಎರಡನೇ ಗೆರೆ ಬಿದ್ದಿದೆ. ನಿನಗೆ ನನ್ನ ಕೆಲಸ ಇಷ್ಟವಿಲ್ಲ ಎಂದರೆ ಹೇಳಬಹುದಿತ್ತು. ಅದನ್ನು ಮಗುವಿನ ಕೈಯಲ್ಲಿ ಹೇಳಿಸಬೇಕಿರಲಿಲ್ಲ.

ಉತ್ತರ ಬೇಡ.


ಮಾರ್ಚ್ 29

ಗುಬ್ಬಿಗೆ,

ಉತ್ತರ ಬೇಡ ಅಂದಿದ್ದೀ. ನಾನು ಯಾವತ್ತು ಯಾರ ಮಾತು ಕೇಳಿದ್ದೇನೆ?

ಆ ದಿನ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ಬೇಕಂತಲೇ ಬಿಟ್ಟೆ. ಮಗು ಅತ್ತ ಕೂಡಲೇ ಓಡುವುದು ಈಗಿನವರ ಚಾಳಿ. ನನ್ನ ನಾಲ್ಕೂ ಅತ್ತು ಅತ್ತು ಬೆಳೆದವು. ನಿನ್ನಮ್ಮ ಮೂರು ವರ್ಷ ನಿಲ್ಲಿಸದೆ ಅತ್ತಳು, ಈಗ ಸರ್ಕಾರಿ ಕೆಲಸದಲ್ಲಿದ್ದಾಳೆ. ತೋಳು ಸಿಕ್ಕಿಕೊಂಡದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಅದಕ್ಕೆ ಬೇಕಾದರೆ ಬೈಯಿ.

ನಿನ್ನಮ್ಮ ‘ಅಲ್ಲೇನಾಯ್ತು’ ಅಂತ ದಿನಾ ಪೀಡಿಸುತ್ತಾಳೆ. ಮೊಮ್ಮಗಳಿಗೂ ನನಗೂ ಸರಿಹೋಗಲಿಲ್ಲ ಅಂದಿದ್ದೇನೆ. ನೀನೂ ಅಷ್ಟೇ ಹೇಳು.

ಗುಂಡಿ ಐದರಲ್ಲಿ ನಾಲ್ಕು ಹೊಲಿದಿದ್ದೆ. ಕೊನೆಯದು ನೀನೇ ಹಾಕಿಕೊ.

ಅಜ್ಜಿ


ಜೂನ್ 3

ಅಜ್ಜಿ,

ಎರಡು ತಿಂಗಳು ನಿನಗೆ ಬರೆಯಬಾರದು ಎಂದಿದ್ದೆ. ಈಗ ಬರೆಯುತ್ತಿರುವುದು ಜಗಳಕ್ಕಲ್ಲ. ನೀನು ಗೆದ್ದೆ ಎಂದು ತಿಳಿಸುವುದಕ್ಕೆ.

ಪಟ್ಟಿಯಿಂದ ನನ್ನ ಹೆಸರು ಹೋಯಿತು. ಅವರು ಅಳಿಸುವ ಮೊದಲು ನಾನೇ ಹೋಗಿ ಅಳಿಸಿ ಎಂದೆ. ಕನ್ನಡಿ ಅಂಗಡಿಯವಳು ಮಗುವನ್ನು ಎತ್ತಿಕೊಂಡು ಒಂದು ದಿನ ರಸ್ತೆಯಲ್ಲಿ ಎದುರಾದಳು. ಮಾತಾಡಿಸಲಿಲ್ಲ. ಅದು ಸರಿಯೇ. ಇವರು ಬಂದು ಐದು ದಿನ ಇದ್ದು ಹೋದರು. ‘ಒಳ್ಳೇದೇ ಆಯ್ತು ಬಿಡು, ಇನ್ನು ನೆಮ್ಮದಿಯಾಗಿ ಮನೇಲಿರಬಹುದು’ ಎಂದರು. ಅವರು ಸುರಂಗದಿಂದ ಹೊರಗೆ ಬಂದವರು, ಅವರಿಗೆ ಮನೆ ಬಯಲಿನ ಹಾಗೆ ಕಾಣುತ್ತದೆ.

ನಿನ್ನ ಮಾತಿನಲ್ಲೂ ಸತ್ಯವಿದೆ ಎಂದು ಈಗ ಅನ್ನಿಸುತ್ತಿದೆ. ನೀನು ನಾಲ್ಕು ಸಾಕಿದವಳು, ನನಗೆ ಒಂದೇ ಸಾಕಾಗಿದೆ. ಮೊನ್ನೆ ಡುಮ್ಮ ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದವನು ಹನ್ನೊಂದಾದರೂ ನಿಲ್ಲಿಸಲಿಲ್ಲ. ಅವನನ್ನು ತೊಟ್ಟಿಲಲ್ಲಿ ಹಾಕಿ ಬಚ್ಚಲುಮನೆಯ ಬಾಗಿಲು ಮುಚ್ಚಿಕೊಂಡೆ. ನಲ್ಲಿ ಪೂರ್ತಿ ತಿರುಗಿಸಿದೆ. ನೀರಿನ ಸದ್ದಿನಲ್ಲಿ ಅವನ ದನಿ ಮುಳುಗಿಹೋಯಿತು. ‘ಅತ್ತರೆ ಯಾರೂ ಸಾಯಲ್ಲ’ ಎಂದು ನಿನ್ನ ಮಾತನ್ನೇ ಹೇಳಿಕೊಳ್ಳುತ್ತ ಬಕೆಟ್ ಮಗುಚಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಬಕೆಟ್ಟಿನ ಅಂಚು ತೊಡೆಗೆ ಅಚ್ಚೊತ್ತಿತ್ತು. ಹೊರಗೆ ಬಂದಾಗ ಅವನು ಸುಮ್ಮನಾಗಿದ್ದ.

ನಿನ್ನೆಯೂ ಹಾಗೇ ಮಾಡಿದೆ. ನಿನ್ನೆ ಇನ್ನೂ ಸುಲಭವಾಯಿತು. ನೀನು ಹೇಳಿದ್ದು ನಿಜ, ರೂಢಿಯಾಗುತ್ತದೆ.

ಗುಬ್ಬಿ


ಜೂನ್ 7

ಗುಬ್ಬೀ,

ನಿನ್ನ ಕಾಗದ ನಿನ್ನಮ್ಮ ಸಂಜೆ ತಂದಳು. ಓದಿ ಮುಗಿಸಿ ಕೂತಲ್ಲೇ ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ಆ ಬಚ್ಚಲುಮನೆಯ ಬಾಗಿಲು ಮುಚ್ಚಬೇಡ. ನನ್ನ ಮೇಲೆ ಆಣೆ.

ನಾನು ಬೇಕಂತ ಬಿಡಲಿಲ್ಲ. ನನಗೆ ಕಿವಿ ಕೇಳುವುದಿಲ್ಲ.

ಬರೆದುಬಿಟ್ಟೆ. ಇಷ್ಟು ಚಿಕ್ಕ ಸಾಲು ಬರೆಯುವುದಕ್ಕೆ ನಾಲ್ಕನೇ ಕ್ಲಾಸು ಸಾಕಿತ್ತು, ಮೂರು ವರ್ಷದಿಂದ ಆಗಲಿಲ್ಲ.

ಮೊದಲು ಬಲಗಿವಿ ಹೋಯಿತು. ಎಡಗಿವಿಯಲ್ಲಿ ಸಂಭಾಳಿಸಿದೆ. ಆಮೇಲೆ ಅದೂ ಹೋಯಿತು. ಈಗ ಯಾರಾದರೂ ಎದುರಿಗೆ ನಿಂತು ತುಟಿ ಆಡಿಸಿದರೆ ಅರ್ಧ ತಿಳಿಯುತ್ತದೆ, ಉಳಿದರ್ಧ ಊಹೆ. ಮುಖ ತಿರುಗಿಸಿದರೆ ಗೋಡೆ. ನಾನು ಯಾಕೆ ಬಾಯಿ ಮುಚ್ಚುವುದಿಲ್ಲ ಅಂತ ನೀವೆಲ್ಲ ನಗುತ್ತೀರಲ್ಲ, ಇದಕ್ಕೇ. ನಾನು ಮಾತಾಡುತ್ತಿರುವಷ್ಟು ಹೊತ್ತು ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಕುಕ್ಕರ್ ಕೂಗಿದ್ದು ನಿಜವೇ ಇರಬೇಕು. ಫೋನಿನ ತಂತಿಯೂ ಸರಿಯಾಗಿಯೇ ಇರಬೇಕು.

ಹಾಗಿದ್ದ ಮೇಲೆ ಯಾಕೆ ಬಂದೆ ಅಂತ ಕೇಳುತ್ತೀ. ಮೊದಲು ಬರುವುದಿಲ್ಲ ಅಂದೆನಲ್ಲ, ಅದು ಈ ಕಾರಣಕ್ಕೇ. ಆಮೇಲೆ ನೀನು ಆ ಬಾಗಿಲಿಗೆ ಒರಗಿ ಮೂರು ಗಂಟೆ ನಿಂತದ್ದನ್ನು ಬರೆದೆ. ಕಣ್ಣಿದೆಯಲ್ಲ, ಕಣ್ಣು ತೆಗೆಯದೆ ನೋಡಿಕೊಳ್ಳುತ್ತೇನೆ ಅಂದುಕೊಂಡು ಬಂದೆ. ನೀನು ಹೋದ ಮೇಲೆ ಅರ್ಧ ಗಂಟೆ ತೊಟ್ಟಿಲ ಪಕ್ಕದಲ್ಲೇ ನಿಂತಿದ್ದೆ. ಗಾಢ ನಿದ್ದೆ. ಒಳಕೋಣೆಯಲ್ಲಿ ಸೂಜಿಗೆ ದಾರ ಹೋಗಲಿಲ್ಲ, ಬೆಳಕು ಸಾಲದು. ಐದು ನಿಮಿಷ ಅಂತ ಅಡುಗೆಮನೆಯ ಕಿಟಕಿಗೆ ಬಂದೆ. ಒಂದು ಗುಂಡಿ ಆಯಿತು, ಇನ್ನೊಂದು ಅಂದುಕೊಂಡೆ. ಮನೆ ಅಷ್ಟು ಶಾಂತವಾಗಿತ್ತು, ಗುಬ್ಬಿ. ನನಗೆ ಎಲ್ಲ ಮನೆಯೂ ಶಾಂತವಾಗಿಯೇ ಇರುತ್ತದೆ ಅನ್ನುವುದು ಆ ಹೊತ್ತಿಗೆ ಮರೆತುಹೋಗಿತ್ತು.

ತಿರುಗಿದರೆ ನೀನು. ಬಾಗಿಲಲ್ಲಿ ಆರು ಜನ, ಎಲ್ಲರ ಬಾಯೂ ಆಡುತ್ತಿತ್ತು. ಏನಾಗಿದೆ ಅಂತ ನಿನ್ನ ಮುಖ ನೋಡಿಯೇ ತಿಳಿಯಿತು. ಕಲ್ಲುಮನಸ್ಸಿನ ಮುದುಕಿ ಅಂದರೆ ಜನ ಹೆದರುತ್ತಾರೆ. ಕಿವುಡಿ ಅಂದರೆ ನಗುತ್ತಾರೆ, ಆಮೇಲೆ ಕೈಹಿಡಿದು ಮೂಲೆಯಲ್ಲಿ ಕೂರಿಸುತ್ತಾರೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಹೆದರುವವರನ್ನೇ ಆರಿಸಿಕೊಂಡೆ. ಅದರಿಂದ ನಿನ್ನ ಹೆಸರು ಹೋಯಿತು. ಆದರೂ ಬಾಯಿ ಬಿಡಲಿಲ್ಲ. ಮಾರ್ಚಿನ ಕಾಗದದಲ್ಲಿ ಅದೇ ಸುಳ್ಳನ್ನು ಮತ್ತೆ ಬರೆದೆ, ತಿದ್ದಿ ಚೆಂದ ಮಾಡಿ ಬರೆದೆ.

ನೀನು ಅದನ್ನು ನಂಬಿ ಮಗು ಸಾಕುತ್ತೀ ಅಂತ ನನಗೆ ಹೊಳೆಯಲಿಲ್ಲ.

ನನ್ನ ನಾಲ್ಕರಲ್ಲಿ ಒಂದನ್ನೂ ನಾನು ಅಳಲು ಬಿಟ್ಟವಳಲ್ಲ. ನಿನ್ನಮ್ಮನನ್ನು ಎತ್ತಿಕೊಂಡೇ ಎರಡು ವರ್ಷ ಕಳೆದೆ. ಎತ್ತಿಕೊಂಡು ತಲೆ ಚಿಟ್ಟು ಹಿಡಿದು, ಒಂದು ಸಲ ಅವಳನ್ನು ನೆಲದ ಮೇಲೆ ಇಟ್ಟು ರಸ್ತೆಯ ಕೊನೆಯವರೆಗೆ ನಡೆದುಹೋಗಿದ್ದೆ. ಕೊನೆಯಿಂದ ಮತ್ತೆ ಓಡಿಬಂದೆ. ಅದನ್ನೂ ಯಾರಿಗೂ ಹೇಳಿಲ್ಲ. ನಿನಗೆ ಆಗುತ್ತಿರುವುದು ನನಗೆ ಗೊತ್ತಿಲ್ಲದ್ದಲ್ಲ.

ನಾಳೆ ನಿನ್ನಮ್ಮನಿಗೂ ಹೇಳುತ್ತೇನೆ. ಅವಳು ಏನನ್ನುತ್ತಾಳೋ. ಅಂದರೂ ನನಗೇನು ಕೇಳುತ್ತದೆಯೇ?

ಅಜ್ಜಿ


ಜೂನ್ 17

ಅಜ್ಜಿ,

ನಿನ್ನ ಕಾಗದ ಬಂದ ದಿನ ಡುಮ್ಮನನ್ನು ಎತ್ತಿಕೊಂಡು ತುಂಬ ಹೊತ್ತು ಅತ್ತೆ. ಮೊದಲು ಕನಿಕರದಿಂದ, ಆಮೇಲೆ ಸಿಟ್ಟಿನಿಂದ. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಸಿಟ್ಟು ನನ್ನ ಮೇಲೂ ಇದೆ. ಬಾಯಿಬಿಟ್ಟು ಹೇಳಲಾಗದ ಹೆಂಗಸಿನ ಮುಖ ನೋಡಿ ಅವಳಿಗೇನು ಬೇಕೆಂದು ತಿಳಿಯುವುದೇ ನನ್ನ ಕೆಲಸವಾಗಿತ್ತು. ನೀನು ಐದು ದಿನ ನನ್ನ ಮನೆಯಲ್ಲಿದ್ದೆ. ‘ಟೀ ಮಾಡ್ಲಾ ಅಜ್ಜಿ’ ಎಂದರೆ ನೀನು ‘ಆ ಮೀಸೆ ನಿನ್ನ ಗಂಡನಿಗೆ ಒಪ್ಪಲ್ಲ’ ಎಂದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನಜ್ಜಿಯ ನಾಲಿಗೆ ನೋಡಿ ಎಂದು ಟೈಲರಮ್ಮನಿಗೂ ಹೇಳಿ ನಗಿಸಿದೆ.

ಬಚ್ಚಲುಮನೆಯ ಬಾಗಿಲು ಮುಚ್ಚಿಲ್ಲ. ಒಂದು ಸಲ ಮೆಟ್ಟಿಲ ಮೇಲೆ ಹೋಗಿ ಕೂತೆ, ಬಾಗಿಲು ತೆರೆದಿಟ್ಟು. ಅಷ್ಟೇ.

ಪಟ್ಟಿಯ ಅಮ್ಮನ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಈ ಮನೆತನದಲ್ಲಿ ಮುಚ್ಚಿಟ್ಟದ್ದು ಸಾಕು. ಜುಲೈಯಲ್ಲಿ ಹೊಸ ಪಟ್ಟಿ ಮಾಡುತ್ತಾರಂತೆ. ‘ಕೊನೇಲಿ ನಿನ್ನ ಹೆಸರು ಬರೀತೀನಿ. ಮಗುವನ್ನ ಯಾರು ನೋಡ್ಕೊಳ್ತಾರೆ ಅಂತ ಮಾತ್ರ ನನಗೆ ಖಾತ್ರಿ ಬೇಕು’ ಎಂದರು.

ಬೇರೆ ಯಾರೂ ಇಲ್ಲ, ಅಜ್ಜಿ. ಅದಕ್ಕೇ ಕೇಳುತ್ತಿದ್ದೇನೆ. ನಂಬಿಕೆಯಿಂದ ಕೇಳುತ್ತಿದ್ದೇನೆ ಎಂದು ತಿಳಿಯಬೇಡ, ಅದು ಇನ್ನೂ ಬಂದಿಲ್ಲ. ಆದರೆ ಐದು ದಿನದಿಂದ ಅವನನ್ನು ಗಮನಿಸುತ್ತಿದ್ದೇನೆ. ನಿದ್ದೆಯಿಂದ ಎದ್ದು ಅಳುವ ಮೊದಲು ಅವನ ಹೊಟ್ಟೆ ಹಲಗೆಯ ಹಾಗೆ ಬಿಗಿಯಾಗುತ್ತದೆ. ಆಮೇಲೆ ದನಿ ಬರುತ್ತದೆ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದೆ. ಏಳು ಸಲದಲ್ಲಿ ಏಳು ಸಲವೂ ತಿಳಿಯಿತು.

ಅವನು ಮಲಗಿದ್ದಷ್ಟು ಹೊತ್ತು ನಿನ್ನ ಕೈ ಅಲ್ಲಿಂದ ಏಳಬಾರದು. ಎದ್ದಿದ್ದಾಗ ಅವನು ನಿನ್ನ ತೊಡೆ ಬಿಟ್ಟು ಇಳಿಯಬಾರದು. ಬೆಲ್ ನಿನಗೆ ಕೇಳದ್ದರಿಂದ ನಾನು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತೇನೆ. ಇನ್ನೊಂದು ಕೀಲಿ ಟೈಲರಮ್ಮನ ಹತ್ತಿರ ಇರುತ್ತದೆ. ಅವರು ಗಂಟೆಗೊಮ್ಮೆ ಬಂದು ಇಣುಕುತ್ತಾರೆ. ಹೊಲಿಗೆಯಿಲ್ಲ, ಅಡುಗೆಯಿಲ್ಲ, ಕಿಟಕಿಯಿಲ್ಲ.

ಇದು ನಾನು ಯಾರಿಗೂ ಹೇಳಬಾರದ ಮಾತು. ನನ್ನನ್ನು ಹೊರಗೆ ಬಿಡುವುದಕ್ಕೆ ನಿನ್ನನ್ನು ಒಳಗೆ ಕೂಡಿಹಾಕುತ್ತೇನೆ ಎನ್ನುತ್ತಿದ್ದೇನೆ. ಒಲ್ಲೆ ಎಂದರೆ ನನಗೆ ಬೇಸರವಿಲ್ಲ.

ಗುಬ್ಬಿ


ಜೂನ್ 24

ಗುಬ್ಬಿಗೆ,

ನಿನ್ನಮ್ಮ ನನ್ನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಯಂತ್ರ ಹಾಕಿ ನೋಡಿದರು. ತಗಡಿನ ಮೇಲೆ ಬೋಲ್ಟು ಸುರಿದ ಹಾಗೆ ಸದ್ದು ಬಂತು, ಮಾತು ಬರಲಿಲ್ಲ. ‘ಮೂರು ವರ್ಷದ ಹಿಂದೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು’ ಅಂತ ಡಾಕ್ಟರು ಅಂದರಂತೆ. ನಿನ್ನಮ್ಮ ಅದನ್ನು ಚೀಟಿಯಲ್ಲಿ ಬರೆದು ತೋರಿಸಿದಳು, ಅಡಿಗೆರೆ ಹಾಕಿ. ಬೈಗುಳವನ್ನೂ ಈಗ ಚೀಟಿಯಲ್ಲೇ ಬರೆಯುತ್ತಾಳೆ. ಅವಳ ಅಕ್ಷರ ಚೆನ್ನಾಗಿದೆ.

ಬೀಗದ ವಿಷಯ. ಹಾಕು. ಇಲ್ಲಿ ಬೀಗವಿಲ್ಲದೆಯೇ ಮೂರು ವರ್ಷ ಒಳಗಿದ್ದೇನೆ.

ನಂಬಿಕೆ ಬಂದಿಲ್ಲ ಅಂತ ಬರೆದದ್ದು ಒಳ್ಳೆಯದಾಯಿತು. ನನಗೂ ಬಂದಿಲ್ಲ. ಇಬ್ಬರೂ ಹೆದರಿಕೊಂಡೇ ಇರೋಣ, ಆಗ ಕೈ ಜಾರುವುದಿಲ್ಲ.

ಐದನೇ ತಾರೀಕಿನ ಬಸ್ಸು.

ಅಜ್ಜಿ


ಜುಲೈ 22, ಮಧ್ಯಾಹ್ನ

ಗುಬ್ಬಿ,

ನೀನು ಬಂದು ‘ಏನಾಯ್ತು, ಹೇಗಿದ್ದ’ ಅಂತ ಒಂದೇ ಉಸಿರಿಗೆ ಕೇಳುತ್ತೀ, ನನಗೆ ನಿನ್ನ ತುಟಿ ಹಿಡಿಯುವುದಕ್ಕೆ ಆಗುವುದಿಲ್ಲ. ಅದಕ್ಕೆ ಮೊದಲೇ ಬರೆದು ಮೇಜಿನ ಮೇಲೆ ಇಡುತ್ತಿದ್ದೇನೆ. ಎಡಗೈ ಅವನ ಹೊಟ್ಟೆಯ ಮೇಲಿದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಕಾಗದ ಜಾರುತ್ತದೆ, ಅದಕ್ಕೆ ಸಾಲು ಸೊಟ್ಟ.

ನೀನು ಬೀಗ ಹಾಕಿದ್ದು ಹತ್ತು ಗಂಟೆಗೆ. ಬಾಗಿಲಿನ ಹಿಡಿ ಎರಡು ಸಲ ಅಲ್ಲಾಡಿದ್ದನ್ನು ನೋಡಿದೆ. ಸರಿಯಾಗಿ ಬಿದ್ದಿದೆಯಾ ಅಂತ ಎಳೆದು ನೋಡಿದೆಯಲ್ಲ, ಅದು. ಆಮೇಲೆ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ನಿನಗೆ ಇದು ಒಂದು ವರ್ಷದಿಂದ ಇದೆ. ನನಗೆ ಇವತ್ತು ಮೊದಲನೇ ದಿನ, ಮಧ್ಯಾಹ್ನದ ಎರಡು ಗಂಟೆ ಕೂಡ ಆಗಿಲ್ಲ.

ಟೈಲರಮ್ಮ ಮೂರು ಸಲ ಬಂದಳು. ಮೂರು ಸಲವೂ ನಾನು ಸತ್ತಿಲ್ಲ ಅಂತ ನೋಡಿಕೊಂಡು ಹೋದಳು.

ಆ ಹೆಂಗಸು ಹೆತ್ತಳಾ? ನೀನು ಕೊನೆಯವರೆಗೂ ಇದ್ದೆಯಾ? ಇಲ್ಲಿಂದ ಯಾರೂ ನಿನಗೆ ಫೋನ್ ಮಾಡಿಲ್ಲ ಅಂದುಕೊಂಡಿದ್ದೇನೆ. ಮಾಡುವಂಥದ್ದು ಏನೂ ಆಗಿಲ್ಲ. ಮಗು ಎರಡು ಸಲ ಅತ್ತಿತು. ಒಂದು ಸಲ ಹಸಿವಿಗೆ, ಇನ್ನೊಂದು ಸಲ ಸುಮ್ಮನೆ. ಎರಡು ಸಲವೂ ನನಗೆ ಗೊತ್ತಾಯಿತು.

ಅವನ ಹೊಟ್ಟೆ ಬಿಗಿಯಾಗುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.